ಮರುವಾಯಿ ನೆನೆಸಿದ ನೀರು

ಬೋಗುಣಿಯಲ್ಲಿ ಮುಳುಗಿಸಿಟ್ಟ ಮರುವಾಯಿ, ಹೊಳೆಯ ಕೆಸರಿನಲ್ಲಿ ಸಿಗುವ ಆ ಪುಟ್ಟ ಚಿಪ್ಪುಜೀವಿ, ಸದ್ದು ಮಾಡುತ್ತದೆ. ಅದನ್ನು ಸದ್ದು ಎನ್ನಬಹುದೋ ಇಲ್ಲವೋ. ಚಿಪ್ಪು ಕೂದಲೆಳೆಯಷ್ಟು ಬಿರಿಯುತ್ತದೆ, ಒಳಗಿನ ಹೊಯಿಗೆಯನ್ನು, ಆ ನುಣ್ಣನೆಯ ಮರಳನ್ನು, ಉಗಿಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ನೀರಿನ ಮೇಲೆ ಒಂದು ಗುಳ್ಳೆ ಒಡೆಯುತ್ತದೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ವಾಣಿ ಉರ್ವದ ಮಾರ್ಕೆಟಿನಿಂದ ಮರುವಾಯಿ ತಂದು, ಉಜ್ಜಿ ತೊಳೆದು, ಬೋಗುಣಿಗೆ ಸುರಿದು, ನಲ್ಲಿ ತಿರುಗಿಸಿ ನೀರು ತುಂಬಿಸಿ, ಸಿಂಕಿನ ಬದಿಗೆ ಸರಿಸಿ ಶಾಲೆಗೆ ಹೋದಳು. ಅವಳು ಟೀಚರ್. ನಾನು ಚಹಾದ ಲೋಟ ಹಿಡಿದುಕೊಂಡು ಬೋಗುಣಿಯ ಮುಂದೆ ನಿಂತೆ. ಕೆಸರು, ತುಕ್ಕು, ಸ್ವಲ್ಪ ಸಮುದ್ರ. ಆ ವಾಸನೆ.

ವಾಸನೆಯಿಂದ ಆ ಮಳೆಗಾಲ ನೆನಪಾಯಿತು ಎಂದು ಬರೆದರೆ ಚೆಂದ. ಆದರೆ ಅದು ಹಾಗಲ್ಲ. ಅದಕ್ಕಿಂತ ಮೊದಲೇ ಫೋನಿಗೆ ಒಂದು ಇಮೇಲ್ ಬಂದಿತ್ತು. ಇಮೇಲ್ ಮೊದಲು, ವಾಸನೆ ಆಮೇಲೆ. ನೆನಪು ತನಗೆ ಒಪ್ಪುವ ಹಾಗೆ ಇವೆರಡನ್ನು ಅದಲುಬದಲು ಮಾಡುವ ಮುಂಚೆ ಬರೆದಿಡುತ್ತಿದ್ದೇನೆ.

ಬರೆದವಳು ಕೇರಳದ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ. ಅವಳು ಅಲ್ಲಿಯ ಹಿನ್ನೀರಿನ ಒಂದು ಜಾತಿಯ ಚಿಪ್ಪುಜೀವಿಯ ಮೇಲೆ ಕೆಲಸ ಮಾಡುತ್ತಾಳೆ. ಅದರಲ್ಲಿ ಒಂದು ಜೀನ್ ಇಲ್ಲವಂತೆ. ಮಂಗಳೂರಿನ ಮರುವಾಯಿಯಲ್ಲೂ ಅದು ಇಲ್ಲವೆಂದು ಡೇಟಾಬೇಸಿನಲ್ಲಿ ನೋಡಿದ್ದಾಳೆ, ಕೆಳಗೆ ನನ್ನ ಹೆಸರು ಕಂಡಿದೆ. ನಮ್ಮ ಕೆಲಸವನ್ನು ತನ್ನ ಥೀಸಿಸ್ಸಿನಲ್ಲಿ ಆಧಾರವಾಗಿ ಕೊಡಬಹುದೇ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಳು.

ಓದಿ ಸುಸ್ತಾಯಿತು. ಕೋಪವಲ್ಲ, ಬೇಸರವೂ ಅಲ್ಲ. ಬಾಗಿಲು ಹಾಕಿ ಬೀಗ ಎಳೆದು ನೋಡಿ ಹೊರಟ ಮನೆಯೊಳಗೆ ಫ್ಯಾನ್ ತಿರುಗುತ್ತಲೇ ಇದೆ ಎಂದು ವರ್ಷಗಳ ಮೇಲೆ ಯಾರೋ ಬಂದು ಹೇಳಿದ ಹಾಗೆ.

ಆ ವರ್ಷ ಕಾಲೇಜಿನ ಕಟ್ಟಡ ರಿಪೇರಿಯಲ್ಲಿತ್ತು. ನಮ್ಮ ಲ್ಯಾಬನ್ನು ಫಳ್ನೀರಿನ ಒಂದು ಬಾಡಿಗೆ ಮಹಡಿಗೆ ಸಾಗಿಸಿದ್ದರು. ಕೆಳಗೆ ಹಲ್ಲಿನ ಡಾಕ್ಟರರ ಕ್ಲಿನಿಕ್. ಎಷ್ಟು ಮಳೆ ಬಂತು ಎಂದು ಕೇಳಿದರೆ ಹೇಳಲಾರೆ. ನನ್ನಲ್ಲಿರುವ ಮಳೆಗಾಲಗಳೆಲ್ಲ ಒಂದರ ಮೇಲೊಂದು ಕೂತು ಒಂದೇ ಆಗಿಬಿಟ್ಟಿವೆ. ಆ ವರ್ಷದ್ದೇ ಎಂದು ಗುರುತು ಹಿಡಿಯಬಲ್ಲದ್ದು ಸ್ವಲ್ಪ: ಮೆಟ್ಟಿಲ ಮೇಲೆ ಬಿಡಿಸಿಟ್ಟು ಎಂದೂ ಒಣಗದ ಕೊಡೆಗಳು, ಕುರ್ಚಿಯ ಬೆನ್ನಿಗೆ ಹಿಡಿದ ಬೂಷ್ಟು, ಕರೆಂಟು ಹೋದಾಗಲೆಲ್ಲ ಕೂಗುವ ಯುಪಿಎಸ್, ಮತ್ತು ಕೆಳಗಿನಿಂದ ದಿನವಿಡೀ ಏರಿಬರುವ, ಯಾರದೋ ಹಲ್ಲು ಕೊರೆಯುವ ಸದ್ದು.

ನಾವು ಮೂವರು. ಲ್ಯಾಬಿನ ಮುಖ್ಯಸ್ಥೆ ರೈ ಮೇಡಂ. ಅವರ ಮನೆಯವರೆಲ್ಲ ಹೋಟೆಲ್ ಉದ್ಯಮದಲ್ಲಿದ್ದರೆ ಇವರೊಬ್ಬರು ಕಡಲ ಜೀವಿಗಳ ಹಿಂದೆ ಬಿದ್ದು, ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದರು. ಅವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿ ನಫೀಸಾ. ಕುದ್ರೋಳಿಯವಳು, ತಂದೆಗೆ ಅಲ್ಲಿ ದಿನಸಿ ಅಂಗಡಿ, ಅಣ್ಣ ಗಲ್ಫಿನಲ್ಲಿ. ಮೂರನೆಯವನು ನಾನು, ಕಂಪ್ಯೂಟರಿನ ಮುಂದೆ.

ಮೂವರೂ ಸೇರಿ ಮಾಡುತ್ತಿದ್ದದ್ದು ಮರುವಾಯಿಯ ಜೀನೋಮ್, ಅಂದರೆ ಅದರ ಡಿಎನ್‌ಎಯಲ್ಲಿ ಬರೆದಿರುವ ಪೂರ್ತಿ ಪಾಠ. ಅದನ್ನು ಆರಂಭದಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಲು ನಮಗೆ ಸಾಧ್ಯವಿರಲಿಲ್ಲ. ಚೂರು ಚೂರಾಗಿ ಓದಬೇಕು. ಚೂರುಗಳ ಅಂಚುಗಳನ್ನು ತಾಳೆ ನೋಡಿ ಕಂಪ್ಯೂಟರ್ ಜೋಡಿಸುತ್ತದೆ. ಒಂದೇ ಥರದ ಚೂರುಗಳು ಹಲವಿದ್ದರೆ ಪೇರಿಸಿ ಒಂದೇ ಮಾಡಿಬಿಡುತ್ತದೆ. ಜೋಡಿಸಲಾಗದ ಕಡೆ ಅಕ್ಷರದ ಬದಲು ಎನ್, ಎನ್, ಎನ್ ಎಂದು ತುಂಬಿಸುತ್ತದೆ. ಗೊತ್ತಿಲ್ಲ ಎಂಬುದರ ಗುರುತು ಅದು. ಹೀಗೆ ತೂತುಗಳಿರುವ ಜೋಡಣೆಗೆ ಕರಡು ಜೀನೋಮ್ ಎನ್ನುತ್ತಾರೆ. ಆಮೇಲೆ ಇನ್ನೊಂದು ಪ್ರೋಗ್ರಾಮ್ ಈ ಕರಡಿನ ಮೇಲೆ ಓಡಿ, ಜೀನ್‌ಗಳು ಎಲ್ಲೆಲ್ಲಿವೆ ಎಂದು ಊಹಿಸಿ, ಬೇರೆ ಪ್ರಾಣಿಗಳ ಜೀನ್‌ಗಳಿಗೆ ಹೋಲಿಸಿ ಹೆಸರು ಅಂಟಿಸುತ್ತದೆ. ಅದನ್ನು ಓಡಿಸುವುದು, ಬಂದದ್ದನ್ನು ನೋಡುವುದು ನನ್ನ ಕೆಲಸ.

ಆ ಹೆಸರುಗಳು ನಗು ತರಿಸುತ್ತಿದ್ದವು. ಯಾವುದೋ ಜೀನ್ ಮೊದಲು ಸಿಕ್ಕಿದ್ದು ನೊಣದಲ್ಲಿ, ಅದಕ್ಕೆ ನೊಣದ ರೆಕ್ಕೆಯ ಹೆಸರು. ಮರುವಾಯಿಯಲ್ಲಿ ಅದನ್ನು ಹೋಲುವ ತುಂಡು ಕಂಡರೆ ಯಂತ್ರ ಅದಕ್ಕೂ ರೆಕ್ಕೆಯ ಹೆಸರನ್ನೇ ಕೊಡುತ್ತದೆ. ಒಬ್ಬರು ಅಂಟಿಸಿದ್ದನ್ನು ನೋಡಿ ಇನ್ನೊಬ್ಬರ ಯಂತ್ರ, ಅದನ್ನು ನೋಡಿ ಮತ್ತೊಬ್ಬರದ್ದು. ಮೊದಲ ಚೀಟಿ ಸರಿಯಿತ್ತೇ ಎಂದು ಹಿಂದೆ ಹೋಗಿ ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

“ರೆಕ್ಕೆ ಉಂಟಂತೆ, ಉಪ್ಪು ತಡೆಯುವ ಜೀನ್ ಇಲ್ಲವಂತೆ,” ನಫೀಸಾ ನನ್ನ ಪರದೆಗೆ ಬಗ್ಗಿ ಹೇಳಿದ್ದಳು. “ಸುಧೀರಣ್ಣ, ಇಷ್ಟು ವರ್ಷ ನಾವು ತಿಂದದ್ದು ಎಂತದ್ದನ್ನು?”

ಆ ಉಪ್ಪಿನ ಜೀನೇ ಅವಳ ಥೀಸಿಸ್ಸಿನ ಮುಖ್ಯ ಅಧ್ಯಾಯ. ಹೊರಗಿನ ನೀರು ಉಪ್ಪಾದಾಗ ಜೀವಕೋಶ ಬತ್ತಿಹೋಗದಂತೆ ಕೆಲವು ವಸ್ತುಗಳನ್ನು ಒಳಗೆ ಎಳೆದುಕೊಳ್ಳುವ ಜೀನ್ ಅದು, ಚಿಪ್ಪುಜೀವಿಗಳಲ್ಲಿ ಇರಲೇಬೇಕಾದದ್ದು. ನಮ್ಮ ಕರಡಿನಲ್ಲಿ ಅದು ಸಿಗಲಿಲ್ಲ. ಆರ್‌ಎನ್‌ಎಯಲ್ಲೂ ಸಿಗಲಿಲ್ಲ. ಡಿಎನ್‌ಎಯಲ್ಲಿ ಬರೆದಿರುವುದರಲ್ಲಿ ಆ ಹೊತ್ತಿಗೆ ಯಾವುದು ಬಳಕೆಯಲ್ಲಿದೆಯೋ ಅದರ ನಕಲು ಆರ್‌ಎನ್‌ಎ. ಎರಡೂ ಕಡೆ ಸಿಗಲಿಲ್ಲವೆಂದ ಮೇಲೆ, ಸಿಗಲಿಲ್ಲ ಎಂಬುದು ಇಲ್ಲ ಎಂದಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಇಲ್ಲ ಎಂದು ಯಂತ್ರ ಎಲ್ಲಿಯೂ ಹೇಳಿರಲಿಲ್ಲ. ಅದು ಸುಮ್ಮನಿತ್ತು, ಅಷ್ಟೆ. ಅದು ಸುಮ್ಮನಿದ್ದುದಕ್ಕೆ ಕಾರಣ ಕೊಟ್ಟವರು ನಾವು: ಹೊಳೆ ಕಡಲು ಸೇರುವ ಅಳಿವೆಯ ನೀರು ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ, ಇಂಥ ಕಡೆ ಬದುಕುವ ಮರುವಾಯಿ ಆ ಜೀನನ್ನು ಕಳೆದುಕೊಂಡು ಬೇರೆ ದಾರಿ ಹಿಡಿದಿದೆ. ಒಳ್ಳೆಯ ಕಥೆ. ಕರಡಿನ ಜೊತೆಗೆ ಆ ಟಿಪ್ಪಣಿಯೂ ಡೇಟಾಬೇಸಿಗೆ ಹೋಯಿತು.

ಜುಲೈಯಲ್ಲಿ, ನಾವು ಪ್ರಬಂಧ ಕಳಿಸಿದ್ದ ಸಂಶೋಧನಾ ಪತ್ರಿಕೆಯ ಪರಿಶೀಲಕರೊಬ್ಬರು ಒಂದು ಸಾಲು ಬರೆದರು. ಕರಡಿನಲ್ಲಿ ಇಲ್ಲವೆಂದರೆ ಸಾಲದು, ನೇರವಾಗಿ ಡಿಎನ್‌ಎಯಲ್ಲಿ ಹುಡುಕಿ ತೋರಿಸಿ. ನಫೀಸಾ ಫ್ರೀಜರಿನಲ್ಲಿದ್ದ ಮಾಂಸದ ತುಣುಕಿನಿಂದ ಡಿಎನ್‌ಎ ತೆಗೆದು ಪರೀಕ್ಷೆ ಮಾಡಿದಳು. ಜೀನ್ ಇದ್ದರೆ ಜೆಲ್ಲಿನ ತೆಳು ಹಾಳೆಯ ಮೇಲೆ ಗೆರೆಯಾಗಿ ಹೊಳೆಯುತ್ತದೆ, ಇಲ್ಲವಾದರೆ ಅದು ಖಾಲಿ ಇರಬೇಕು. ಗೆರೆ ಬಂತು. ಬೇರೆ ಏನೋ ಬೆರೆತಿರಬೇಕು ಎಂದು ಎಲ್ಲ ದ್ರಾವಣಗಳನ್ನೂ ಹೊಸದಾಗಿ ಮಾಡಿದಳು. ಮತ್ತೆ ಗೆರೆ. ಇನ್ನೊಂದು ಮರುವಾಯಿಯಿಂದ ತೆಗೆದಳು. ಅದರಲ್ಲೂ ಗೆರೆ. ಅವಳು ಕೈಗವಸು ತೆಗೆದು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತದ್ದು ನೆನಪಿದೆ. ಕರೆಂಟು ಹೋಗಿತ್ತೇ? ಈಗ ನೆನೆದರೆ ಹೋಗಿತ್ತು ಎನ್ನಿಸುತ್ತದೆ. ಹೋಗಿರಲಿಕ್ಕಿಲ್ಲ, ಜೆಲ್ಲಿನ ಕೆಳಗಿನ ದೀಪ ಉರಿಯುತ್ತಿತ್ತಲ್ಲ.

ಜೀನ್ ಇತ್ತು. ಕರಡಿನ ಯಾವುದೋ ತೂತಿನೊಳಗೆ, ಎನ್‌ಗಳ ಕೆಳಗೆ.

ರೈ ಮೇಡಂ ಜೆಲ್ಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ ಎಂದು ಇಲ್ಲೇ ಬರೆಯುತ್ತೇನೆ, ಏಕೆಂದರೆ ಇಂಥ ನೆನಪುಗಳಲ್ಲಿ ಗೈಡ್‌ಗಳು ತಾವಾಗಿಯೇ ಕೆಟ್ಟವರಾಗುತ್ತಾರೆ. ನಫೀಸಾಳ ಅವಧಿಯನ್ನು ಒಂದು ಸಲ ವಿಸ್ತರಿಸಿಯಾಗಿತ್ತು. ಚೌತಿಯ ರಜೆಗೆ ಮುಂಚೆ ಅವಳು ಸಮಿತಿಯ ಮುಂದೆ ಸೆಮಿನಾರ್ ಕೊಟ್ಟು ಒಪ್ಪಿಗೆ ಪಡೆದರೆ ಮಾತ್ರ ಆ ವರ್ಷ ಥೀಸಿಸ್ ಸಲ್ಲಿಸಬಹುದು. ಇಲ್ಲವಾದರೆ ಮತ್ತೆ ಅರ್ಜಿ ಹಾಕಬೇಕು, ಕೊಟ್ಟರೆ ಉಂಟು. ಅಷ್ಟರಲ್ಲಿ ಮೇಡಂ ನಿವೃತ್ತರಾಗಿರುತ್ತಾರೆ, ಹೊಸ ಗೈಡ್ ಅವಳನ್ನು ಒಪ್ಪಬೇಕು. ಮೇಡಂಗೂ ಆ ಕರಡು ಬಿಟ್ಟರೆ ಹೇಳಿಕೊಳ್ಳಲು ದೊಡ್ಡದೇನೂ ಉಳಿದಿರಲಿಲ್ಲ.

“ಡ್ರಾಫ್ಟ್ ಅಲ್ವಾ ಮಾರಾಯ್ತಿ ಅದು,” ಎಂದರು ಮೇಡಂ. “ಈಗಿನ ಜೋಡಣೆಯಲ್ಲಿ ಕಾಣುವುದಿಲ್ಲ ಅಂತ ಬರಿ. ಅದು ಸುಳ್ಳಲ್ಲ.”

“ಸುಳ್ಳಲ್ಲ ಮೇಡಂ. ಆದ್ರೆ ಜೀನ್ ಉಂಟಲ್ಲ.”

ಮೇಡಂ ಅದಕ್ಕೆ ಸಿಟ್ಟಾಗಲಿಲ್ಲ. ಇದ್ದರೂ ಕೆಟ್ಟುಹೋದ ಜೀನ್ ಆಗಿರಬಹುದು ಎಂದರು. ಹಳೆಯ ಮನೆಯ ಗೋಡೆಯಲ್ಲಿ ಉಳಿದ ಸ್ವಿಚ್ಚಿನ ಹಾಗೆ, ಇದೆ ಆದರೆ ಕೆಲಸವಿಲ್ಲ. ಆರ್‌ಎನ್‌ಎಯಲ್ಲಿ ಸಿಗದಿದ್ದುದಕ್ಕೆ ಅದೇ ಕಾರಣವಿರಬೇಕು. ಹಾಗಾದರೆ ಅಧ್ಯಾಯ ಮುಕ್ಕಾಲು ಪಾಲು ಉಳಿಯುತ್ತದೆ. ಕಳೆದುಹೋಗಿದೆ ಎಂಬಲ್ಲಿ ಕೆಟ್ಟುಹೋಗಿದೆ ಎಂದು ಬರೆದರಾಯಿತು. ಈ ಮಾತು ಸರಿಯಾಗಿಯೇ ಇತ್ತು. ಎರಡು ಮೂರು ದಿನ ನಾವು ಮೂವರೂ ಅದನ್ನು ನಂಬಿದೆವು. ನಫೀಸಾ ತಿದ್ದಲು ಶುರು ಮಾಡಿದ್ದಳು ಕೂಡ.

ಆಮೇಲೆ ಬೋಗುಣಿಯ ವಿಷಯ.

ಲ್ಯಾಬಿನ ಸಿಂಕಿನ ಕೆಳಗೆ ಒಂದು ನೀಲಿ ಪ್ಲಾಸ್ಟಿಕ್ ಬೋಗುಣಿ ಇತ್ತು. ಆರ್‌ಎನ್‌ಎ ತೆಗೆಯಲು ಬೇಸಿಗೆಯಲ್ಲಿ ಮರುವಾಯಿ ತಂದಾಗಲೆಲ್ಲ ಅದರಲ್ಲಿ ಹಾಕಿ, ನಲ್ಲಿಯ ನೀರು ತುಂಬಿಸಿ, ಮಾರನೆಯ ದಿನದವರೆಗೆ ಬಿಡುತ್ತಿದ್ದೆವು. ಹೊಯಿಗೆ ಬಿಡಲಿ ಎಂದು. ಮನೆಯಲ್ಲಿ ಹಾಗೇ ಮಾಡುವುದು. ನಮ್ಮ ಮನೆಯಲ್ಲಿ ವಾಣಿ, ನಫೀಸಾಳ ಮನೆಯಲ್ಲಿ ಅವಳ ಉಮ್ಮ, ರೈ ಮೇಡಂ ಮನೆಯ ಅಡುಗೆಯವರು, ಎಲ್ಲರೂ. ನೆನೆಸದೆ ಮರುವಾಯಿಯನ್ನು ಒಡೆಯಬಹುದು ಎಂಬ ಯೋಚನೆಯೇ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ವಿಧಾನದ ವಿವರದಲ್ಲಿ ಸೂಜಿಯ ಅಳತೆಯನ್ನು ಕೂಡ ಬರೆದಿದ್ದೆವು. ಬೋಗುಣಿಯನ್ನು ಬರೆದಿರಲಿಲ್ಲ.

ಆದರೆ ಉಪ್ಪಿನ ಜೀನ್ ಕೆಲಸ ಮಾಡುವುದು ನೀರು ಉಪ್ಪಾಗಿದ್ದಾಗ. ಉಪ್ಪಿನ ಅಳಿವೆಯಿಂದ ತಂದ ಜೀವವನ್ನು ನಾವು ಸಿಹಿನೀರಿನಲ್ಲಿ ಮುಳುಗಿಸಿ, ಅದು ಆ ಜೀನನ್ನು ದೀಪದ ಹಾಗೆ ಆರಿಸಿ ಬಾಯಿ ಮುಚ್ಚಿಕೊಂಡ ಮೇಲೆ ಅದರ ಆರ್‌ಎನ್‌ಎ ತೆಗೆದು, ಜೀನ್ ಇಲ್ಲ ಎಂದಿದ್ದೆವು.

ಇದು ಹೊಳೆದದ್ದು ಯಾರಿಗೆ? ನನ್ನ ನೆನಪಿನಲ್ಲಿ ನಫೀಸಾ ಸಿಂಕಿನ ಮುಂದೆ ನಿಂತು, ಬೋಗುಣಿಯನ್ನು ಕೈಯಲ್ಲಿ ಹಿಡಿದು, ತಿರುಗಿ ನನ್ನನ್ನು ನೋಡುತ್ತಾಳೆ. ನಫೀಸಾಳ ಪ್ರಕಾರ ನಾನು ಊಟದ ಡಬ್ಬಿ ತೆರೆದು, ವಾಣಿ ಕಟ್ಟಿಕೊಟ್ಟ ಮರುವಾಯಿ ಸುಕ್ಕದಲ್ಲಿ ಹೊಯಿಗೆ ಕಚ್ಚಿ, ಇವಳು ಸರಿಯಾಗಿ ನೆನೆಸಿಲ್ಲ ಎಂದೆನಂತೆ. ಆ ಮಾತಿನಿಂದಲೇ ನಫೀಸಾಗೆ ಹೊಳೆಯಿತಂತೆ. ಮೇಡಂ ತನಗೆ ಮೊದಲಿನಿಂದಲೂ ಆ ಬೋಗುಣಿಯ ಮೇಲೆ ಸಂಶಯವಿತ್ತು ಎಂದು ಆಮೇಲೆ ಹೇಳುತ್ತಿದ್ದರು. ಮೂರು ಚೂರುಗಳ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ. ಕೂಡಿಸಲು ನನಗೂ ಮನಸ್ಸಿಲ್ಲ.

ಹೊಳೆದದ್ದಷ್ಟಕ್ಕೆ ಬಿಡಬಹುದಿತ್ತು. ನಾನೂ ಹಾಗೆ ಸೂಚಿಸಿದೆ. ಸೆಮಿನಾರ್ ಮುಗಿಯಲಿ, ಬೇಸಿಗೆಯಲ್ಲಿ ನೀರು ಉಪ್ಪಾದ ಮೇಲೆ ನೋಡೋಣ ಎಂದು. ನಫೀಸಾ ಆಗಲೇ ಮೀನುಗಾರಿಕೆ ಬಂದರಿನ ಧಕ್ಕೆಯ ಕಡೆ ಯಾರಿಗೋ ಫೋನ್ ಮಾಡಿ ಮರುವಾಯಿ ಕೇಳಿದಳು. ಹೊಳೆ ತುಂಬಿ ಹರಿಯುವ ಕಾಲ, ಇಳಿಯುವವರೇ ಇಲ್ಲ. ಹೇಗೋ ಒಂದು ಚೀಲ ಸಿಕ್ಕಿತು. ಅರ್ಧವನ್ನು ಸಿಹಿನೀರಿನಲ್ಲಿ ಇಡುವುದು, ಇನ್ನರ್ಧವನ್ನು ದಿನಕ್ಕಿಷ್ಟು ಎಂದು ಉಪ್ಪು ಏರಿಸಿದ ನೀರಿನಲ್ಲಿ. ಅದಕ್ಕೆ ಸಮುದ್ರದ ನೀರು ಬೇಕು. ನನ್ನ ಸ್ಕೂಟರಿನಲ್ಲಿ ಕ್ಯಾನ್‌ಗಳನ್ನು ಕಟ್ಟಿಕೊಂಡು ತಣ್ಣೀರುಬಾವಿ ಕಡಲತೀರಕ್ಕೆ ಹೋದೆ. ಮಳೆಕೋಟಿನೊಳಗೂ ಮಳೆ. ಅಲೆ ನನ್ನನ್ನು ಮೊಣಕಾಲಿನವರೆಗೆ ತೋಯಿಸಿ, ಕ್ಯಾನಿನ ಮುಚ್ಚಳವನ್ನು ಒಯ್ದಿತು. ತಂದು ಅಳೆದರೆ ಉಪ್ಪು ಸಾಲದು. ಹೊಳೆಗಳ ನೆರೆ ದಡದ ಸಮುದ್ರವನ್ನೂ ಸಪ್ಪೆ ಮಾಡಿತ್ತು.

ಹಾಗಾಗಿ ಕುದ್ರೋಳಿಗೆ, ನಫೀಸಾಳ ತಂದೆಯ ಅಂಗಡಿಗೆ, ಕಲ್ಲುಪ್ಪು ತರಲು. ಇಬ್ರಾಹಿಂ ಸಾಹೇಬರು ಉಪ್ಪನ್ನು ಕಟ್ಟುತ್ತ ಯಾವುದಕ್ಕೆ ಎಂದು ವಿಚಾರಿಸಿದರು. ಹೇಳಿದೆ. ಅವರು ಕೈ ನಿಲ್ಲಿಸಿ ನನ್ನನ್ನು, ನನ್ನ ಒದ್ದೆ ಪ್ಯಾಂಟನ್ನು, ಮತ್ತೆ ನನ್ನನ್ನು ನೋಡಿದರು.

“ಸಮುದ್ರದ ನೀರು ತಂದು ಅದಕ್ಕೆ ಉಪ್ಪು ಹಾಕುವವರನ್ನು ಇವತ್ತೇ ನೋಡಿದ್ದು ಮಾರಾಯ್ರೆ.” ಕಟ್ಟಿಗೆ ದಾರ ಬಿಗಿದು, ದನಿ ಇಳಿಸಿ, “ಇದು ಹಾಕಿದ್ರೆ ಅವಳದ್ದು ಮುಗೀತದಾ?”

ಮುಗಿಯುತ್ತದೆ ಎಂದೆ. ಯಾವ ಅರ್ಥದಲ್ಲಿ ಎಂದು ಅವರೂ ಕೇಳಲಿಲ್ಲ.

ಉಪ್ಪುನೀರಿನಲ್ಲಿ ಕೆಲವು ಸತ್ತವು. ಉಳಿದವು ನಿಧಾನವಾಗಿ ಬಾಯಿ ಬಿಟ್ಟವು. ನಫೀಸಾ ಎರಡೂ ಗುಂಪಿನಿಂದ ಆರ್‌ಎನ್‌ಎ ತೆಗೆದು ಪಕ್ಕಪಕ್ಕ ಓಡಿಸಿದಳು. ಸಿಹಿನೀರಿನವು ಖಾಲಿ. ಉಪ್ಪುನೀರಿನವು, ಒಂದೊಂದರಲ್ಲೂ ದಪ್ಪ, ಸ್ಪಷ್ಟ, ನಾಚಿಕೆಯಿಲ್ಲದ ಗೆರೆ. ಕೆಟ್ಟ ಸ್ವಿಚ್ಚಲ್ಲ. ಮನೆಯಲ್ಲಿ ದೀಪ ಹಾಕುತ್ತಿದ್ದದ್ದೇ ಅದು. ಅವಳು ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು, ಚೂಡಿದಾರಿನ ಶಾಲಿನಿಂದ ಕನ್ನಡಕ ಒರೆಸಿ, ಮತ್ತೊಮ್ಮೆ ನೋಡಿದಳು. ಅಳಲಿಲ್ಲ. ಅಧ್ಯಾಯ ಹೋಯಿತು ಎಂದು ಇಬ್ಬರಿಗೂ ಗೊತ್ತಾಗಿತ್ತು.

ಆ ಮಧ್ಯಾಹ್ನದಿಂದ ಸೆಮಿನಾರಿನ ಬೆಳಗಿನವರೆಗೆ ನನ್ನಲ್ಲಿ ಇರುವುದು ಇಷ್ಟು:

ಎನ್ ಎನ್ ಎನ್ ಎನ್ ಎನ್ ಎನ್ ಎನ್ ಎನ್

ಅಲ್ಲಿ ಒಂದು ದೃಶ್ಯ ಕೂರಿಸಬಹುದು. ನಾವು ಮೂವರು ಚಹಾ ಕುಡಿಯುತ್ತ, ಹೊರಗೆ ಮಳೆ, ಮೇಡಂ ನಫೀಸಾಳ ಭುಜದ ಮೇಲೆ ಕೈಯಿಟ್ಟು ನಿಜವನ್ನೇ ಹೇಳು ಎನ್ನುವುದು. ಹಾಗೆ ಆಗಿರಲಿಕ್ಕೂ ಸಾಕು. ಅಕ್ಕಪಕ್ಕದ ಚೂರುಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ಅದಕ್ಕೇ ಕೂರಿಸುವುದಿಲ್ಲ.

ಸೆಮಿನಾರ್ ನಡೆದದ್ದು ಕಾಲೇಜಿನ, ರಿಪೇರಿ ಮುಗಿಯದ ಹಾಲಿನಲ್ಲಿ. ಒಂದು ಮೂಲೆಯಲ್ಲಿ ಸೋರುವ ನೀರಿಗೆ ಬಕೆಟ್ ಇಟ್ಟಿದ್ದರು. ನಫೀಸಾ ಹಳೆಯ ಅಧ್ಯಾಯವನ್ನು ಪೂರ್ತಿ ಹೇಳಿದಳು, ಜೀನ್ ಕಳೆದುಹೋದ ಕಥೆಯನ್ನು, ಚೆನ್ನಾಗಿ, ನಂಬುವ ಹಾಗೆ. ಆಮೇಲೆ ಜೆಲ್ಲಿನ ಚಿತ್ರ ಹಾಕಿದಳು. ನಾವು ಇಲ್ಲ ಎಂದು ಬರೆದಿದ್ದೆವು, ಅದು ಉಂಟು, ಎಂದಳು. ಕರಡಿನಲ್ಲಿ ಅದರ ಜಾಗ ತೂತಾಗಿತ್ತು. ಆರ್‌ಎನ್‌ಎಯಲ್ಲಿ ಸಿಗದಿದ್ದುದಕ್ಕೆ ಕಾರಣ ನಾವು ಮರುವಾಯಿಯನ್ನು ನಲ್ಲಿ ನೀರಿನಲ್ಲಿ ನೆನೆಸಿಟ್ಟದ್ದು.

“ಅದನ್ನು ನಾವು ಎಲ್ಲಿಯೂ ಬರೆಯಲಿಲ್ಲ,” ಎಂದಳು. “ಮುಚ್ಚಿಟ್ಟದ್ದಲ್ಲ. ಬರೆಯುವಂಥ ವಿಷಯ ಅಂತ ಅನಿಸಲೇ ಇಲ್ಲ.”

ಸಮಿತಿಯಲ್ಲಿ ಬಯಲುಸೀಮೆಯ ಕಡೆಯಿಂದ ಬಂದಿದ್ದ ಒಬ್ಬ ಪ್ರೊಫೆಸರಿದ್ದರು. ಅವರು ಪೆನ್ನು ಎತ್ತಿ, ನೆನೆಸುವುದು ಯಾಕೆ ಎಂದರು. ಹಾಲಿನಲ್ಲಿದ್ದ ಊರಿನವರೆಲ್ಲ ಅವರನ್ನು ತಿರುಗಿ ನೋಡಿದರು. ಯಾರೋ ನಕ್ಕರು, ಆಮೇಲೆ ಹಲವರು. ಅಷ್ಟು ಜನರಲ್ಲಿ ಆ ಪ್ರಶ್ನೆ ಕೇಳಬಲ್ಲವರು ಅವರೊಬ್ಬರೇ ಇದ್ದರು; ಅವರು ಒಂದು ವರ್ಷ ಮುಂಚೆ ನಮ್ಮ ಸಿಂಕಿನ ಬಳಿ ನಿಂತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ರೈ ಮೇಡಂ ಎದ್ದು, ಹೊಯಿಗೆ ಬಿಡಲಿಕ್ಕೆ, ಇಲ್ಲದಿದ್ದರೆ ಹಲ್ಲಿಗೆ ಸಿಗ್ತದೆ ಎಂದರು. ಕೂತುಕೊಳ್ಳುವ ಮೊದಲು, ನೆನೆಸಲಿಕ್ಕೆ ಹೇಳಿದ್ದು ನಾನೇ ಎಂದೂ ಹೇಳಿದರು. ನಾನು ಕೇಳಿದ್ದೇನೆ. ನಫೀಸಾ ಮಾತ್ರ, ಮೇಡಂ ಹಾಗೆ ಹೇಳಲೇ ಇಲ್ಲ, ನಿಮಗೆ ಅವರ ಮೇಲೆ ಪ್ರೀತಿ, ಎನ್ನುತ್ತಾಳೆ.

ಸಮಿತಿ ಅವಳ ಪ್ರಾಮಾಣಿಕತೆಯನ್ನು ಹೊಗಳಿತು, ಒಪ್ಪಿಗೆ ಕೊಡಲಿಲ್ಲ. ಅಧ್ಯಾಯವನ್ನು ಹೊಸದಾಗಿ ಬರೆಯಬೇಕು ಎಂದಿತು. ಮಳೆ ಬಿಟ್ಟಿತು, ಕೊಡೆಗಳು ಒಣಗಿದವು, ಮೇಡಂ ನಿವೃತ್ತರಾದರು. ಹೊಸ ಗೈಡ್ ಒಬ್ಬರು ಮನಸ್ಸಿಲ್ಲದ ಮನಸ್ಸಿನಿಂದ ಅವಳನ್ನು ಒಪ್ಪಿದರು. ಪದವಿ ಬರುವಷ್ಟರಲ್ಲಿ ಅವಳಿಗೆ ಅದರ ಮೇಲೆ ಆಸೆ ಉಳಿದಿರಲಿಲ್ಲ. ಈಗ ಅವಳು ಫಳ್ನೀರಿನಲ್ಲೇ, ಒಂದು ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗ ನೋಡಿಕೊಳ್ಳುತ್ತಾಳೆ. ತಿದ್ದುಪಡಿಯನ್ನು ನಾನೇ ಡೇಟಾಬೇಸಿಗೆ ಕಳಿಸಿದ್ದೆ. ಅವರು ಹಾಕಿದರು, ಹೊಸ ಆವೃತ್ತಿಯಾಗಿ. ಆದರೆ ಅಷ್ಟರಲ್ಲಿ ಹಳೆಯದನ್ನು ಬೇರೆ ಬೇರೆ ಕಡೆಯ ಯಂತ್ರಗಳು ನಕಲು ಮಾಡಿಕೊಂಡಾಗಿತ್ತು. ಕೇರಳದ ಹುಡುಗಿ ನೋಡಿದ್ದು ಅಂಥ ಒಂದು ನಕಲನ್ನು. ಅದರಲ್ಲಿ ನಮ್ಮ ಮರುವಾಯಿಗೆ ಇನ್ನೂ ಉಪ್ಪಿನ ಜೀನ್ ಇಲ್ಲ. ರೆಕ್ಕೆ ಇದೆ.

ನಫೀಸಾಗೆ ಫೋನ್ ಮಾಡಿದೆ. ಹಿಂದೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಇಮೇಲ್ ಓದಿ ಹೇಳಿದೆ. ಇನ್ನೂ ಹೋಗಲಿಲ್ವಾ ಅದು, ಎಂದಳು. ಆ ಹುಡುಗಿಯ ವಯಸ್ಸು ಕೇಳಿದಳು, ನನಗೆ ಗೊತ್ತಿರಲಿಲ್ಲ. ಥೀಸಿಸ್ ಕೊಡಲು ಎಷ್ಟು ಸಮಯ ಉಳಿದಿದೆ ಎಂದಳು. ಈ ವರ್ಷದ ಕೊನೆಗೆ ಎಂದು ಬರೆದಿದ್ದಾಳೆ ಎಂದೆ. ನಮ್ಮ ತಿದ್ದುಪಡಿಯನ್ನು ಕಳಿಸುತ್ತೇನೆ, ಬೇರೇನು ಬರೆಯಲಿ, ಹೇಗೆ ಬರೆಯಲಿ ಎಂದು ಕೇಳಿದೆ.

“ತಿದ್ದುಪಡಿ ಆಮೇಲೆ ಕಳಿಸಿ ಸುಧೀರಣ್ಣ,” ಎಂದಳು. “ಮೊದಲು ಅವಳಲ್ಲಿ ಒಂದು ಕೇಳಿ. ತಂದ ಮೇಲೆ ಯಾವ ನೀರಿನಲ್ಲಿ ಇಟ್ಟಿದ್ದು ಅಂತ.”

ಅಷ್ಟನ್ನೇ ಬರೆದು ಕಳಿಸಿದೆ. ಚಹಾ ತಣಿದಿತ್ತು. ಬೋಗುಣಿಯ ತಳದಲ್ಲಿ ತೆಳುವಾಗಿ ಹೊಯಿಗೆ ಕೂತಿತ್ತು. ಒಂದೆರಡು ಮರುವಾಯಿ ಇನ್ನೂ ಗುಳ್ಳೆ ಬಿಡುತ್ತಿದ್ದವು, ಉಳಿದವೆಲ್ಲ ಗಟ್ಟಿಯಾಗಿ ಮುಚ್ಚಿದ್ದವು. ಅವು ಒಳಗೆ ಏನೇನನ್ನು ಆರಿಸಿ ಕೂತಿವೆಯೋ ಎಂದು ನೋಡುತ್ತ ನಿಂತಿದ್ದಾಗ ಉತ್ತರ ಬಂತು.

ಮಾಮೂಲಿ ನೀರು ಸರ್, ಎಂದಿದ್ದಳು. ಮರಳು ಬಿಡಲಿ ಎಂದು ರಾತ್ರಿಯಿಡೀ ಇಡುತ್ತೇವೆ. ಯಾಕೆ ಕೇಳಿದಿರಿ?